ಮೂರನೇ ಪ್ಲಗ್

ಎಂಜಿನ್ನಿನಿಂದ ಮೂರನೇ ಸ್ಪಾರ್ಕ್ ಪ್ಲಗ್ ಬಿಚ್ಚಿ ಸೊಸೆ ಬೆಳಕಿಗೆ ಹಿಡಿದಳು. ಕಂದು ಬಣ್ಣಕ್ಕೆ ತಿರುಗಿದ ಪಿಂಗಾಣಿಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಬೆಳ್ಳಿ ಚುಕ್ಕಿಗಳು, ಐದೋ ಆರೋ. ಭೂತಗನ್ನಡಿ ಹಿಡಿದರೆ ಇನ್ನೂ ನಾಲ್ಕು ಕಂಡವು. ಅವೇನೆಂದು ಮಾವ ಮೊದಲ ದಿನವೇ ಹೇಳಿಕೊಟ್ಟಿದ್ದರು. ಎಂಜಿನ್ನಿನೊಳಗೆ ಪಿಸ್ಟನ್ನಿನ ತಲೆ ಕರಗಿ, ಅದರ ಪುಡಿ ಸಿಡಿದು ಅಂಟಿಕೊಂಡರೆ ಹೀಗೆ ಕಾಣುವುದು.

ಕಾರು ಅವಳ ತಮ್ಮನದು. ವರ್ಷವೆಲ್ಲ ಕೂಡಿಟ್ಟು ದೊಡ್ಡ ಟರ್ಬೊ ಹಾಕಿಸಿದ್ದ. ಹೊಗೆಯ ಬಲದಲ್ಲೇ ತಿರುಗಿ ಎಂಜಿನ್ನಿಗೆ ಗಾಳಿ ತುರುಕುವ ಆ ಚಕ್ರ ಬಂದ ಮೇಲೆ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂದು ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಹೊಂದಿಸಬೇಕು. ನಾಳೆ ಬೆಳಿಗ್ಗೆ ಹಳೆಯ ವಿಮಾನ ನಿಲ್ದಾಣದ ಓಡುದಾರಿಯಲ್ಲಿ ಅವನ ಕಾರಿನ ಓಟ. ಮಾವನ ಶೆಡ್ಡಿನಲ್ಲಿ ಆರು ತಿಂಗಳು ಬೆನ್ನು ಬಿಡದೆ ಕಲಿತ ಸೊಸೆಗೆ ಅವರು ಒಂದು ಎಂಜಿನ್ನನ್ನು ಪೂರಾ ಬಿಟ್ಟುಕೊಟ್ಟದ್ದು ಇದೇ ಮೊದಲು. ಮಗನಿಗೆ ಗ್ರೀಸು ಕಂಡರಾಗದು, ವಿದ್ಯೆ ಸೊಸೆಗಾದರೂ ಹೋಗಲಿ ಎಂಬ ಆಸೆ ಅವರಿಗೆ. ಇವತ್ತು ಹಲ್ಲು ಕೀಳಿಸಲು ಹೊರಡುವಾಗ ಹೇಳಿದ್ದು ಇಷ್ಟೇ. ಕಿಡಿಯನ್ನು ಒಂದೊಂದೇ ಡಿಗ್ರಿ ಮುಂದಕ್ಕೆ ತಾ. ಕಿಡಿ ಬೇಗ ಹಾರಿದಷ್ಟೂ ಬಲ ಹೆಚ್ಚು, ಅತಿಯಾದರೆ ಪಿಸ್ಟನ್ ಸುಡುತ್ತದೆ. ಪ್ರತಿ ಸಲವೂ ತಣಿಯಲು ಬಿಡು, ಪ್ಲಗ್ ಬಿಚ್ಚು, ನೋಡು. ಒರೆಸಬೇಡ.

ಮಾವ ಬಾಗಿಲು ದಾಟಿದ್ದೇ ತಡ, ತಮ್ಮ ಅವಸರಪಡಿಸತೊಡಗಿದ್ದ. ಕಾರನ್ನು ಪಟ್ಟಿಗಳಿಂದ ಬಿಗಿದು, ಚಕ್ರ ನಿಂತಲ್ಲೇ ತಿರುಗುವ ರೋಲರಿನ ಮೇಲೆ ನಿಲ್ಲಿಸಿ ಒಂದೊಂದೇ ಡಿಗ್ರಿ ಏರಿಸುತ್ತಿದ್ದರೆ ಅವನಿಗೆ ತಾಳ್ಮೆ ಎಲ್ಲಿಂದ ಬರಬೇಕು?

"ಅಕ್ಕ, ಎಂಜಿನ್ ಟ್ಯೂನ್ ಮಾಡ್ತಿದ್ದೀಯೋ, ಸ್ವೆಟರ್ ಹೆಣೀತಿದ್ದೀಯೋ?"

ಆ ಮಾತು ಚುಚ್ಚಿತು. ಒಂದರ ಬದಲು ಮೂರು ಡಿಗ್ರಿ ಕೊಟ್ಟಳು. ಟರ್ಬೊ ಗಾಳಿಯನ್ನೂ ಒಂದಿಷ್ಟು ಏರಿಸಿದಳು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಶೆಡ್ಡಿನ ತಗಡೆಲ್ಲ ಅದುರಿತು. ಆ ಅಬ್ಬರದ ಅಡಿಯಲ್ಲಿ, ತಗಡಿನ ಡಬ್ಬದಲ್ಲಿ ಹರಳು ಅಲುಗಿದಂಥ ಸದ್ದು. ಚಿಟಿಕೆ ಹೊಡೆಯುವಷ್ಟು ಹೊತ್ತು, ಅಷ್ಟೇ. ಕಾಲು ತೆಗೆದಳು. ತಮ್ಮನಿಗೆ ಆ ಸದ್ದು ಕೇಳಿರಲಿಲ್ಲ. ಪರದೆಯ ಮೇಲೆ ಏರಿದ ಬಲದ ಅಂಕಿ ಕಂಡು ಹಿಗ್ಗಿ, ನಾಳೆಯ ಟೈರು ತರುತ್ತೇನೆಂದು ಹಾರುತ್ತಲೇ ಹೋಗಿದ್ದ.

ಈಗ ಈ ಚುಕ್ಕಿಗಳು. ಹೇಳಿದರೆ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಬಿಚ್ಚಬೇಕು, ತಮ್ಮನ ಓಟ ಮುಗಿಯಿತು. ಮಾವ ಇನ್ನೊಮ್ಮೆ ಲ್ಯಾಪ್‌ಟಾಪ್ ಕೈಗೆ ಕೊಡುವುದೂ ಸಂಶಯ. ಹೇಳದಿದ್ದರೆ? ಪಿಸ್ಟನ್ ನಾಳೆ ಒಂದು ದಿನ ತಾಳಬಹುದು. ತಾಳದೆಯೂ ಇರಬಹುದು. ಒಡೆದರೆ ಎಣ್ಣೆ ಚೆಲ್ಲಿ ಚಕ್ರದಡಿಗೆ ಹೋಗುತ್ತದೆ. ಆ ವೇಗದಲ್ಲಿ ಚಕ್ರ ಜಾರಿದರೆ ಏನಾಗುತ್ತದೆ ಎಂಬುದನ್ನು ಅವಳು ಯೋಚಿಸಲಿಲ್ಲ. ಯೋಚನೆಗಿಂತ ಮುಂಚೆ ಕೈ ಓಡಿತ್ತು. ಲ್ಯಾಪ್‌ಟಾಪಿನ ಅಂಕಿಗಳನ್ನು ಮೊದಲಿದ್ದಲ್ಲಿಗೆ ತಂದಳು. ಪ್ಲಗ್ಗನ್ನು ಪೆಟ್ರೋಲಿನಲ್ಲಿ ಅದ್ದಿ ತಂತಿಬ್ರಷ್ಷಿನಿಂದ ಉಜ್ಜಿದಳು, ಚುಕ್ಕಿ ಹೋಗುವ ತನಕ. ನಾಲ್ಕನೆಯದನ್ನೂ ಬಿಚ್ಚಿ, ಎಲ್ಲವನ್ನೂ ತಟ್ಟೆಯಲ್ಲಿ ಸಾಲಿಗೆ ಇಟ್ಟು ನೋಡಿದರೆ ಮೂರು ಕಂದು, ಒಂದು ಹಾಲುಬಿಳಿ. ಉಳಿದವನ್ನೂ ಉಜ್ಜಿಬಿಡೋಣವೆಂದು ಒಂದನ್ನು ಎತ್ತಿಕೊಂಡಳು. ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

ಮಾವನ ಕೆನ್ನೆ ಊದಿ, ಬಾಯಲ್ಲಿ ಹತ್ತಿ ಇತ್ತು. ಮಾತಾಡುವಂತಿರಲಿಲ್ಲ. ಕೈ ತೊಳೆದು ತಟ್ಟೆಯ ಮುಂದೆ ಕೂತರು. ಒಂದನೆಯದನ್ನು ನೋಡಿದರು, ಇಟ್ಟರು. ಎರಡನೆಯದು, ಇಟ್ಟರು. ಮೂರನೆಯದನ್ನು ಎತ್ತಿದವರು ಮೂಗಿನ ಹತ್ತಿರ ಹಿಡಿದು ಮೂಸಿದರು. ಮೆಲ್ಲಗೆ ಅದನ್ನು ಅದರ ಜಾಗದಲ್ಲೇ ಇಟ್ಟರು. ನಾಲ್ಕನೆಯದನ್ನು ಮುಟ್ಟಲಿಲ್ಲ. ಸೊಸೆಯ ಮುಖವನ್ನೂ ನೋಡಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ತಮ್ಮ ಎರಡು ಟೈರು ಉರುಳಿಸಿಕೊಂಡು ಬಂದ. "ಏನ್ ಯಜಮಾನ್ರೇ, ಆಯ್ತಾ? ನಾಳೆ ಬೆಳಕು ಹರಿಯೋದ್ರೊಳಗೆ ಹೊರಡ್ಬೇಕು. ಕೀಲಿ ಕೊಡ್ತೀರಾ?"

ಮಾವ ಮೊಳೆಗೆ ತೂಗುಹಾಕಿದ್ದ ಕೀಲಿ ತೆಗೆದರು. ತಮ್ಮ ಕೈ ಚಾಚಿದ. ಮಾವ ಅವನನ್ನು ದಾಟಿ ಬಂದು ಕೀಲಿಯನ್ನು ಸೊಸೆಯ ಅಂಗೈಯಲ್ಲಿಟ್ಟರು. ಕೊಡುವುದು ನಿನ್ನ ಕೆಲಸ ಎನ್ನುವಂತೆ ತಮ್ಮನ ಕಡೆಗೆ ಗದ್ದ ಎತ್ತಿ ತೋರಿಸಿದರು.

ತಮ್ಮನ ಚಾಚಿದ ಕೈ ಹಾಗೇ ಇತ್ತು. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಅವಳು ಹಿಡಿದುಕೊಳ್ಳುತ್ತಿದ್ದ ಕೈ. ಅವಳು ಮುಷ್ಟಿ ಬಿಗಿದಳು.

"ಕೊಡಲ್ಲ ಕಣೋ. ಮೂರನೇ ಪಿಸ್ಟನ್ ಹೋಗಿದೆ. ನಾನೇ ಸುಟ್ಟಿದ್ದು. ಗೊತ್ತಾಗದಿರ್ಲಿ ಅಂತ ಪ್ಲಗ್ ಉಜ್ಜಿಟ್ಟೆ."

ತಮ್ಮ ಟೈರಿನ ಮೇಲೆ ಧೊಪ್ಪನೆ ಕೂತ. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಆಡಿದ. ವರ್ಷದ ದುಡಿಮೆ ಎಂದ, ಅಕ್ಕನಲ್ಲ ಶನಿ ಎಂದ. ಅವಳು ಹೆಡ್ ಬಿಚ್ಚುವ ಸ್ಪ್ಯಾನರ್ ಹುಡುಕಿ ತಂದು ಬಾನೆಟ್ಟಿನೊಳಗೆ ಬಗ್ಗಿದಳು. ಕೊನೆಗೆ ಅವನು ಮಾವನ ಕಡೆ ತಿರುಗಿದ.

"ಇನ್ನು ಮೇಲೂ ಇವಳ ಕೈಗೆ ಎಂಜಿನ್ ಕೊಡ್ತೀರಾ, ಯಜಮಾನ್ರೇ?"

ಮಾವ ಬೆಂಚಿನ ಮೇಲಿದ್ದ ತಂತಿಬ್ರಷ್ಷನ್ನು ಎತ್ತಿ, ಕಿತ್ತ ಹಲ್ಲಿನ ಪೊಟ್ಟಣವಿದ್ದ ಜೇಬಿಗೇ ಹಾಕಿಕೊಂಡರು. ಬಾಗಿಲಿಗೆ ಹೋಗಿ ರಕ್ತದ ಹತ್ತಿಯನ್ನು ಉಗುಳಿ ಬಂದರು.

"ಇವತ್ತಿಂದ ಕೊಡಬಹುದು," ಎಂದರು.