ಎಡಗಡೆಯ ಮೋಟಾರು

“ಎಡಗಡೆ ಇನ್ನೂ ಕುಕ್ತಾ ಇದೆಯಪ್ಪಾ!”

ಮನೆಯ ಒಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದರು. ಮಹಡಿಯ ಬಾಡಿಗೆದಾರ, ಕನ್ನಡಕದ ಅಂಗಡಿಯವನು, ತಿರುಗಿ ಒಳಗಡೆ ನೋಡಿದ. ಒಡತಿ ಇರುವುದು ಸರಿಯಾಗಿ ಅವನ ಕೆಳಗಿನ ಮನೆಯಲ್ಲಿ. ಅವನ ಹಿಂದಿನ ಕೋಣೆಯಲ್ಲೋ, ಕೂತಲ್ಲೇ ಕಾರ್ ರೇಸ್ ಆಡುವ ರೇಸಿಂಗ್ ಸಿಮ್ಯುಲೇಟರ್: ಪರದೆ, ಸ್ಟೀರಿಂಗ್, ಪೆಡಲ್, ಹಳೇ ಕಾರಿನ ಸೀಟು. ಈಚೆಗೆ ಸೀಟಿನ ಬೆನ್ನಿಗೆ ಎಡಬಲದಲ್ಲಿ ಅದುರುವ ಮೋಟಾರುಗಳನ್ನೂ, ತಿರುವಿನಲ್ಲಿ ವಾಲಿಸಲು ಕೆಳಗೆ ಇನ್ನೆರಡನ್ನೂ ಜೋಡಿಸಿದ್ದ. ದಿನಾ ಸಂಜೆ ಪರೀಕ್ಷೆ. ಒಡತಿ ಮುನಿದರೆ ಯಂತ್ರಕ್ಕಷ್ಟೇ ಅಲ್ಲ, ಮನೆಗೇ ಸಂಚಕಾರ.

“ಸರಿ ಮಾಡ್ತೀನಮ್ಮಾ,” ಎಂದ.

ಯಂತ್ರದ ಕಾಲುಗಳಿಗೆ ದಪ್ಪ ರಬ್ಬರ್ ಕೊಟ್ಟ. ನೆಲಕ್ಕೆ ಕಿವಿಯಿಟ್ಟು ಕೇಳಿದ, ಸದ್ದೇ ಇಲ್ಲ. ಮರುದಿನ ಒಡತಿ ಮತ್ತೆ ಹಾಜರು. ಮೊದಲೆಲ್ಲ ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದವರು ಈಗ ದಡದಡನೆ ಹತ್ತಿ ಬರುತ್ತಿದ್ದರು. ಸಿಟ್ಟು ಎಂಥವರಿಗೂ ಬಲ ಕೊಡುತ್ತದೆ ಎಂದುಕೊಂಡ.

“ಆ ಕುರ್ಚಿ ಇರ್ಬೇಕು, ಇಲ್ಲ ನಾನಿರ್ಬೇಕು” ಎನ್ನುತ್ತಿದ್ದ ಹೆಂಡತಿಯೂ ಈಗ ಒಡತಿಯ ಪರ. “ಪಾಪ, ಅವರು ಹೇಳಿದ ಹಾಗೆ ಮಾಡ್ರೀ,” ಎನ್ನುತ್ತಿದ್ದಳು.

ಯಂತ್ರವೂ ಸತಾಯಿಸುತ್ತಿತ್ತು. ಅಂಗಡಿಯಿಂದ ಬಂದಾಗೆಲ್ಲ ಸೀಟು ಮುಂದಕ್ಕೆ ಸರಿದಿರುತ್ತಿತ್ತು. ಅದುರಿ ಅದುರಿ ಸಡಿಲಾಗಿದೆಯೆಂದು ತಿರುಪು ಬಿಗಿ ಮಾಡುತ್ತಿದ್ದ.

ಕೊನೆಗೊಂದು ಸಂಜೆ ಅದರ ತಂಟೆಗೇ ಹೋಗಲಿಲ್ಲ. ಮರುದಿನ ಅಂಗಡಿ ಮುಚ್ಚಿ ಬಂದರೆ ಒಡತಿ ಮೆಟ್ಟಿಲಲ್ಲೇ ತಡೆದರು. “ಇವತ್ತಂತೂ ಎಡಗಡೆ ವಿಪರೀತ!”

ಮುಟ್ಟದ ಯಂತ್ರ ಅದುರುವುದುಂಟೇ? ಇದು ಕಾಲು ಕೆರೆದು ಜಗಳಕ್ಕೆ ಬರುವ ಕೆಲಸ, ಮನೆ ಬಿಡಿಸುವ ಉಪಾಯ. ಅವನಿಗೆ ಅಳುವೇ ಬಂತು. ಬಟ್ಟೆಯನ್ನೂ ಬದಲಿಸದೆ ಕೂತು ಮೋಟಾರುಗಳನ್ನೆಲ್ಲ ಬಿಚ್ಚಿ ಡಬ್ಬಕ್ಕೆ ತುಂಬಿದ. ಹೆಂಡತಿ ಏನೋ ಹೇಳಲು ಬಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ಮರುದಿನ ಅಂಗಡಿಗೆ ವಾರದ ರಜೆ. ಬಾಗಿಲು ಬಡಿದ ಸದ್ದಿಗೆ ಅವನೇ ಹೋಗಿ ತೆರೆದ. ಒಡತಿ ಕಂಕುಳಲ್ಲಿ ದಿಂಬು ಹಿಡಿದು ನಿಂತಿದ್ದರು. ಅವನನ್ನು ಕಂಡು ಕೊಂಚ ತಬ್ಬಿಬ್ಬಾದರು.

“ಎಲ್ಲಾ ಬಿಚ್ಚಿಬಿಟ್ಟೆ ಅಮ್ಮಾ. ಇನ್ನು ನಿಮಗೆ ತೊಂದರೆ ಇಲ್ಲ.”

“ಅಯ್ಯೋ ಪುಣ್ಯಾತ್ಮ! ಎಡಗಡೆ ಒಂಚೂರು ಮೆತ್ತಗೆ ಮಾಡು ಅಂದ್ರೆ ಪೂರ್ತಿ ಬಿಚ್ಚೋದಾ? ನೀನು ಅಂಗಡಿಗೆ ಹೋದ್ಮೇಲೆ ನಾನೂ ನಿನ್ನ ಹೆಂಡ್ತೀನೂ ಇನ್ನೆಲ್ಲಿ ಕೂತು ಬೆನ್ನು ಒತ್ತಿಸ್ಕೋಬೇಕು?”