ಓಡಿಸುವವರ ತೂಕ

"ಓಡಿಸೋರ ತೂಕ ಹೇಳಿ, ಅದಕ್ಕೆ ತಕ್ಕ ಸ್ಪ್ರಿಂಗ್ ತೆಗೀತೀನಿ" ಎಂದರು ಶಿವಾಜಿನಗರದ ಕಾರು ಬಿಡಿಭಾಗಗಳ ಅಂಗಡಿಯ ಖಾದರ್ ಭಾಯ್. ಮುನಿರಾಜು ಬಾಯಿ ತೆರೆಯುವ ಮೊದಲೇ ಗೆಳೆಯ ತನ್ವೀರ್, "ಅರವತ್ತೆರಡು ಕೆಜಿ" ಎಂದ.

"ಲೋ, ನಾನು ತೊಂಬತ್ತು ಕಣೋ" ಎಂದು ಮುನಿರಾಜು ನಕ್ಕ. ಆರು ವರ್ಷದಿಂದ ಇಬ್ಬರೂ ಸೇರಿ ಸಾಕಿದ ಸ್ಪೋರ್ಟ್ಸ್ ಕಾರು ಅದು; ಸಜ್ಜುಮಾಡುವವನು ತನ್ವೀರ್, ರೇಸಿನಲ್ಲಿ ಓಡಿಸುವವನು ಮುನಿರಾಜು. ತನ್ವೀರ್ ನಗಲಿಲ್ಲ. ಹೊಸ ಶಾಕ್ ಅಬ್ಸಾರ್ಬರ್ ಕೈಗೆತ್ತಿಕೊಂಡು, ಅದರ ಮೇಲಿಲ್ಲದ ಧೂಳನ್ನು ಒರೆಸತೊಡಗಿದ.

ಬೆಳಿಗ್ಗೆ ಕಾರು ಹತ್ತಿದಾಗ ಮುನಿರಾಜುವಿನ ಮೊಣಕಾಲು ಸ್ಟಿಯರಿಂಗಿಗೆ ಬಡಿದಿತ್ತು. ಸೀಟನ್ನು ಯಾರೋ ಮುಂದಕ್ಕೆ ಎಳೆದುಕೊಂಡಿದ್ದರು. ಕಾರು ತೊಳೆಯುವವರ ಕೆಲಸವಿರಬೇಕೆಂದು ಬೈದುಕೊಂಡು ಸುಮ್ಮನಾಗಿದ್ದ.

"ಯಾವುದು ಬರ್ಕೊಳ್ಲಿ?" ಖಾದರ್ ಭಾಯ್ ಕೇಳಿದರು.

"ಅರವತ್ತೆರಡೇ ಬರ್ಕೊಳ್ಳಿ ಭಾಯ್" ಎಂದ ಮುನಿರಾಜು. "ಸೀಟು ಆಗಲೇ ಹೊಸ ಡ್ರೈವರ್ ಅಳತೆಗೆ ಹಾಕಾಗಿದೆ."