ಕೆಳಗೆ ಬಾಗಿದ ಕನ್ನಡಿ

ಕನ್ನಡಿ ಮತ್ತೆ ಕೆಳಗೆ ಬಾಗಿತ್ತು.

ವೆಂಕಟಗಿರಿ ಸ್ಟೀರಿಂಗ್ ಮುಂದೆ ಕೂತು ನೋಡಿದ. ಗಾಡಿಯೊಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಕಾಣಬೇಕು, ಹಿಂದೆ ಬರುವ ಬಸ್ಸು ಲಾರಿ ಕಾಣಬೇಕು. ಅವನಿಗೆ ಕಂಡದ್ದು ಹಿಂದಿನ ಸೀಟು. ಅವನ ಹೆಂಡತಿ ಸುಮಾ ಕೂರುವ ಸೀಟು! ನಿನ್ನೆ ಸಂಜೆ ತಾನೇ ಸರಿಮಾಡಿಟ್ಟಿದ್ದ. ಮೊನ್ನೆಯೂ ಮಾಡಿದ್ದ. ಡ್ರೈವರ್ ಶ್ರೀಶೈಲ ಅವಳನ್ನು ಕಾಲೇಜಿಗೆ ಕರೆದೊಯ್ದು ಬರುವಷ್ಟರಲ್ಲಿ ಅದು ಮತ್ತೆ ಬಾಗಿರುತ್ತಿತ್ತು.

ರಸ್ತೆ ನೋಡುವುದು ಬಿಟ್ಟು ಬಡ್ಡೀಮಗ ನೋಡುವುದಾದರೂ ಏನನ್ನು? ವೆಂಕಟಗಿರಿಯ ಹೊಟ್ಟೆಗೆ ಬೆಂಕಿ ಬಿತ್ತು.

ಈ ಬೆಂಕಿ ಹೊಸದೇನಲ್ಲ ಬಿಡಿ. ವಿಜಯನಗರದಲ್ಲಿ ಪೇಂಟ್ ಅಂಗಡಿ, ಅತ್ತಿಗುಪ್ಪೆಯಲ್ಲಿ ಸ್ವಂತ ಮನೆ, ಮನೆಯಲ್ಲಿ ಐದಡಿಯೂ ಮುಟ್ಟದ ಚೆಂದದ ಹೆಂಡತಿ. ಇಷ್ಟಿದ್ದೂ ಅವನಿಗೆ ನೆಮ್ಮದಿಯಿಲ್ಲ. ಬಿ.ಎಡ್. ಓದಿ ಟೀಚರ್ ಆಗಬೇಕೆಂದು ಸುಮಾ ಎರಡು ವರ್ಷ ಕಾಡಿದ ಮೇಲೆ ಒಪ್ಪಿದ್ದ. ಆದರೆ ಒಂದು ಷರತ್ತು: ಬಸ್ಸಿಲ್ಲ, ಆಟೋ ಇಲ್ಲ. ಬಸ್ಸಿನಲ್ಲಿ ಗಂಡಸರು ಮೈಮೇಲೆ ಬೀಳುತ್ತಾರೆ, ಆಟೋದವರು ಮಾತಿಗೆಳೆಯುತ್ತಾರೆ. ಅದಕ್ಕೆಂದೇ ೨೦೦೬ರ ಯುಗಾದಿಗೆ ಏಳು ಸೀಟಿನ ದೊಡ್ಡ ಗಾಡಿ ಕೊಂಡ. ಅವಳು ಯಾರ ಕಣ್ಣಿಗೂ ಬೀಳದಿರಲೆಂದು ಗಾಜಿಗೆಲ್ಲ ಕಪ್ಪು ಫಿಲ್ಮ್ ಅಂಟಿಸಿದ. ಹುಡುಕಿ ಹುಡುಕಿ ಅರವತ್ತು ದಾಟಿದ ಅಂಜಿನಯ್ಯನನ್ನು ಡ್ರೈವರ್ ಮಾಡಿಕೊಂಡ. ಮೂರೇ ತಿಂಗಳಿಗೆ ಅಂಜಿನಯ್ಯನ ಕಣ್ಣಿಗೆ ಪೊರೆ ಬಂತು. ಅವನ ಜಾಗಕ್ಕೆ ಸಿಕ್ಕವನು ಬಾಗಲಕೋಟೆ ಕಡೆಯ ಶ್ರೀಶೈಲ. ಆರಡಿ ಆಳು, ಹುರಿಮೀಸೆ, ನಕ್ಕರೆ ಕೆನ್ನೆಯಲ್ಲಿ ಗುಳಿ. ಹಾಳಾದವನಿಗೆ ಗುಳಿ ಬೇರೆ!

ಬಂದು ತಿಂಗಳಾಗಿರಲಿಲ್ಲ, ಗಾಡಿಗೆ ಕೈ ಹಾಕಿದ. ಹಿಂದಿನ ಗಾಜಿನ ಫಿಲ್ಮ್ ಕೆರೆದು ತೆಗೆದ. ಕೊನೆಯ ಸಾಲಿನ ಸೀಟುಗಳ ತಲೆದಿಂಬು ಕಿತ್ತಿಟ್ಟ. ಹೊರಗಿನ ಎರಡೂ ಕನ್ನಡಿಗಳ ಮೂಲೆಗೆ ಪುಟ್ಟ ಗುಂಡು ಕನ್ನಡಿ ಅಂಟಿಸಿದ.

"ಇದೆಲ್ಲ ಯಾರ್ನ ಕೇಳಿ ಮಾಡ್ದೆ?" ಎಂದ ವೆಂಕಟಗಿರಿ.

"ಹಿಂದ ಏನೂ ಕಾಣಂಗಿಲ್ರೀ ಸಾಹೇಬ್ರ. ಬಾಜೂಕ ಬೈಕ್ ಬಂದ್ರೂ ಗೊತ್ತಾಗಂಗಿಲ್ಲ. ಮೇಡಂ ಹೆದರ್ತಾರ."

"ಅವ್ಳು ಹೆದರಿದ್ರೆ ನಿಂಗೇನೋ?"

ಶ್ರೀಶೈಲ ತಲೆ ತಗ್ಗಿಸಿದ. "ನನ್ನ ಜವಾಬ್ದಾರೀರಿ."

ಜವಾಬ್ದಾರಿಯಂತೆ! ವೆಂಕಟಗಿರಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ.

ಆಮೇಲೆ ಡ್ರೈವರ್ ಸೀಟಿನ ಮೇಲೊಂದು ದಪ್ಪ ದಿಂಬು ಬಂತು. ಸುಮಾ ಕೈಯಾರೆ ಹೊಲಿದದ್ದು, ಅಂಚಿಗೆ ಹಸಿರು ದಾರದ ಬಳ್ಳಿ. ಮದುವೆಯಾಗಿ ಎಂಟು ವರ್ಷ, ಗಂಡನಿಗೆ ಒಂದು ಕರ್ಚೀಫು ಹೊಲಿದುಕೊಟ್ಟವಳಲ್ಲ. ಕೇಳಿದರೆ, "ದಿಂಬಿಲ್ದೆ ಅಲ್ಲಿ ಕೂರೋದು ಕಷ್ಟ ಕಣ್ರೀ" ಎಂದಳು, ಅವನ ಮುಖ ನೋಡದೆ.

ಒಂದು ಭಾನುವಾರ ಗಾಡಿ ತೆಗೆಯಲು ಕೂತರೆ ವೆಂಕಟಗಿರಿಯ ಮೊಣಕಾಲು ಸ್ಟೀರಿಂಗಿಗೆ ಬಡಿಯಿತು. ಸೀಟನ್ನು ಮುಂದಕ್ಕೆ ಎಳೆದಿಟ್ಟಿತ್ತು. ಹಿಂದೆ ಮಹಾರಾಣಿಗೆ ಕಾಲು ಚಾಚಲು ಜಾಗ ಬೇಕಲ್ಲ! ಮೀಟರ್ ನೋಡಿದ. ಜ್ಞಾನಭಾರತಿಯ ಕಾಲೇಜಿಗೆ ಹೋಗಿ ಬರಲು ಹದಿನಾಲ್ಕು ಕಿಲೋಮೀಟರು ಸಾಕು, ದಿನಕ್ಕೆ ಇಪ್ಪತ್ತೈದು ಓಡಿತ್ತು. ಬಗ್ಗಿ ನೋಡಿದರೆ ಕ್ಲಚ್ಚಿನ ಹತ್ತಿರ ಒಂದು ಮಲ್ಲಿಗೆ ಮೊಗ್ಗು. ಹಿಂದೆ ಕೂತವಳ ಮುಡಿಯ ಹೂವು ಡ್ರೈವರನ ಕಾಲಬುಡಕ್ಕೆ ಹೇಗೆ ಬಂತು? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ನಿಜ. ಆದರೆ ಮಲ್ಲಿಗೆ ಬೆಳ್ಳಗೆ ಅಂಗೈ ಮೇಲೇ ಇತ್ತು.

ಅವನು ಪರೀಕ್ಷೆಯ ದಿನಕ್ಕಾಗಿ ಕಾದ.

ಕೊನೆಯ ಪರೀಕ್ಷೆ ಸೋಮವಾರ ಹತ್ತು ಗಂಟೆಗೆ. ತಪ್ಪಿದರೆ ವರ್ಷವೇ ಹೋಯಿತು; ಎರಡನೇ ಸಲ ಓದಿಸುವ ಮಾತೇ ಇಲ್ಲ ಎಂದು ಅವನು ಮೊದಲೇ ಹೇಳಿದ್ದ. ಅವತ್ತು ಎಂಟೂವರೆಗೆ ಗೇಟಿನಲ್ಲೇ ಶ್ರೀಶೈಲನ ಕೈಯಿಂದ ಕೀ ಕಿತ್ತುಕೊಂಡ. "ಸಾಕು ನಿನ್ ಕೆಲ್ಸ, ನಡಿ."

ಶ್ರೀಶೈಲ ಏನೋ ಹೇಳಲು ಬಾಯಿ ತೆರೆದ. ಬಾಗಿಲಲ್ಲಿ ನಿಂತಿದ್ದ ಸುಮಾಳ ಮುಖ ನೋಡಿ ಗೇಟಿನಾಚೆ ಸರಿದ.

"ಹೆಂಗೆ ನೋಡ್ಕೋತೀರ ಇಬ್ರೂ! ನಾನೇನು ಕುರುಡನಾ?" ವೆಂಕಟಗಿರಿ ಅವಳತ್ತ ತಿರುಗಿದ.

ಸುಮಾ ಕೈಯಲ್ಲಿದ್ದ ಹಾಲ್‌ಟಿಕೆಟ್ ಅವನ ಮುಂದೆ ಹಿಡಿದಳು. "ಇವತ್ತೊಂದಿನ ನೀವೇ ಬಿಟ್ಬಿಡಿ ರೀ. ಕೈ ಮುಗೀತೀನಿ."

"ಅಂಗಡಿ ನಿಮ್ಮಪ್ಪ ತೆಗೀತಾನಾ? ಬಸ್ಸಿಲ್ಲ, ಆಟೋ ಇಲ್ಲ. ಮಾತು ಅಂದ್ರೆ ಮಾತು ಕಣೇ."

ಅವಳು ಹಾಲ್‌ಟಿಕೆಟ್ಟನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. "ಆಯ್ತು. ಬಸ್ಸೂ ಹತ್ತಲ್ಲ, ಆಟೋನೂ ಹತ್ತಲ್ಲ."

ವೆಂಕಟಗಿರಿ ಕೀಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಸ್ನಾನಕ್ಕೆ ಹೋದ. ಗೆದ್ದ ಖುಷಿಗೆ ನಾಲ್ಕು ಚೊಂಬು ಹೆಚ್ಚೇ ಸುರಿದುಕೊಂಡ. ಮೈಗೆ ಸೋಪು ಹಚ್ಚುವಾಗ ಗಾಡಿ ಸ್ಟಾರ್ಟ್ ಆದ ಸದ್ದು ಕೇಳಿತು.

ವಾಪಸ್ ಬಂದಿದ್ದಾನೆ ಕಳ್ಳ! ಅವಳನ್ನು ಕರೆದುಕೊಂಡೇ ಹೊರಟ! ಟವಲು ಸುತ್ತಿಕೊಂಡು, ಸೋಪಿನ ಮೈಯಲ್ಲೇ ಓಡಿ ಬಂದ. ಆ ಇಕ್ಕಟ್ಟು ಗೇಟಿನಿಂದ ಗಾಡಿಯನ್ನು ಹಿಂದಕ್ಕೆ ತೆಗೆಯಲು ಅವನಿಗೇ "ಬರ್ಲಿ, ಬರ್ಲಿ" ಅನ್ನಲು ಒಬ್ಬರು ಬೇಕಿತ್ತು. ಆದರೂ ಎರಡು ಸಲ ಕಂಬಕ್ಕೆ ಉಜ್ಜಿದ್ದ. ಇವತ್ತು ಗಾಡಿ ಎಲ್ಲೂ ತಾಗದೆ ಒಂದೇ ಏಟಿಗೆ ಬೀದಿಗಿಳಿಯಿತು. ಬದಿಯ ಕಪ್ಪು ಗಾಜಿನೊಳಗೆ ಯಾರಿದ್ದಾರೆಂದು ಕಾಣಲಿಲ್ಲ. ಅದು ತಿರುವಿನಲ್ಲಿ ಮರೆಯಾಯಿತು.

"ಶ್ರೀಶೈಲಾ! ನಿನ್ನ ಪೊಲೀಸ್ರಿಗೆ ಕೊಡ್ತೀನಿ ಕಣೋ!" ಬೀದಿಗೆಲ್ಲ ಕೇಳುವಂತೆ ಕೂಗಿದ.

"ನಾ ಇಲ್ಲೇ ಅದೀನ್ರೀ ಸಾಹೇಬ್ರ," ಎಂದ ಶ್ರೀಶೈಲ, ಕಾಂಪೌಂಡಿನ ಪಕ್ಕದಿಂದ. "ಮೇಡಂಗ ಲೈಸೆನ್ಸ್ ಬಂದು ಹದಿನೈದ ದಿನ ಆತು, ಅದಕ್ಕಿಂತ ಮೊದ್ಲೂ ದಿನಾ ಗಾಡಿ ಅವರೇ ಓಡಸ್ತಿದ್ರು, ನಾ ಬಾಜೂಕ ಕುಂದರ್ತಿದ್ದೆ, ಅಷ್ಟ."